ಹಾಳಾಗದ ಜಾಗ

ಸತ್ತವರ ತಲೆಯ ಕಡೆಗೆ ಕೆತ್ತಿದ ಕಲ್ಲು ಬರುತ್ತದೆಂದು ಕೇಳಿದ ದಿನ ಲಗ್ದೀರ ಊರಿನ ಹರಾತೀನರು ಅತ್ತರು. ಸಂತೋಷಕ್ಕೆ. ರಬ್ಹಾಳೂ ಅತ್ತಳು. ಹಾಗೆ ಅತ್ತಿದ್ದಕ್ಕೆ ಆಮೇಲೆ ತನ್ನ ಮೇಲೇ ಬಂದ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಹರಾತೀನರೆಂದರೆ ಕಪ್ಪು ಜನ. ದ್ರಾ ಹೊಳೆಯ ದಂಡೆಯ ಖರ್ಜೂರದ ತೋಟಗಳಿಗೆ ಮಣ್ಣು ಹೊತ್ತವರು ಅವರು, ಬಾವಿ ತೋಡಿದವರು ಅವರು, ಮರ ಹತ್ತಿದವರು ಅವರು. ತೋಟ ಮಾತ್ರ ಶರೀಫರದು. ಶರೀಫರಿಗೆ ಪ್ರವಾದಿಯವರೆಗೆ ಹೋಗುವ ವಂಶವಿದೆ. ಅದನ್ನು ಬಾಯಿಪಾಠ ಹೇಳುತ್ತಾರೆ, ಗೋರಿಯ ಮೇಲೂ ಕೆತ್ತಿಸುತ್ತಾರೆ. ಹರಾತೀನರ ಗೋರಿಗೆ ಹೊಳೆಯ ಎರಡು ಗುಂಡುಕಲ್ಲು, ತಲೆಗೊಂದು ಕಾಲಿಗೊಂದು. ಕೆತ್ತಿದ ಕಲ್ಲು ಕೂಡದೆಂದು ಅಜ್ಜಂದಿರ ಕಾಲದಲ್ಲೇ ಕಟ್ಟಪ್ಪಣೆಯಾಗಿತ್ತು. ವಂಶವೇ ಇಲ್ಲದವರಿಗೆ ಕೆತ್ತುವುದೇನನ್ನು ಎಂದು ಶರೀಫರು ಕೇಳುತ್ತಿದ್ದರಂತೆ. ಅಪ್ಪಣೆ ಕೊಟ್ಟವರು ಹೋದರು, ಅವರ ಮಕ್ಕಳು ಹೋದರು. ಅಪ್ಪಣೆ ಉಳಿಯಿತು.

ಸಿ ನೌಫಲ್ ಬಂದದ್ದು ಮಳೆ ಮುಖ ತಿರುಗಿಸಿ ಎಷ್ಟೋ ವರ್ಷಗಳಾದ ಮೇಲೆ. ರಾಜಧಾನಿಯಲ್ಲಿ ಓದಿದ ಎಂಜಿನಿಯರು, ಅದಕ್ಕೇ ಹೆಸರಿಗೆ ಗೌರವದ ಸಿ. ಸಣ್ಣ ದನಿಯ, ಎಲ್ಲರಿಗೂ ಸಲಾಂ ಹೇಳುವ ಮನುಷ್ಯ. ಊರಬಾಗಿಲಿನ ಕೆಳಗಿನ ಜಗಲಿಯಲ್ಲಿ ಗಂಡಸರ ಜೊತೆ ಚಕ್ಕಳಮಕ್ಕಳ ಹಾಕಿ ಕೂತು, ಕೊಟ್ಟ ಚಹಾ ಕುಡಿದ. ಹೆಂಗಸರು ಒಳಗೋಡೆಯ ಆಚೆ ನಿಂತು ಕೇಳಿಸಿಕೊಂಡರು.

“ಬರ ಈ ನೆಲಕ್ಕೆ ಏನು ಮಾಡಿದೆ ಅಂತ ಅಳೀಬೇಕಾಗಿದೆ,” ಎಂದ. “ಯಾವ ಗಿಡ ಸತ್ತಿತು, ಯಾವುದು ಉಳೀತು, ಮಣ್ಣಲ್ಲಿ ತೇವ ಎಷ್ಟಿದೆ, ಹುಳ ಹುಪ್ಪಟೆ ಏನಾದವು ಅಂತ. ಅದಕ್ಕೆ ಮೇಕೆ ಬಾಯಿ ಹಾಕದ, ಗುದ್ದಲಿ ಮುಟ್ಟದ, ಹಾಳಾಗದ ಒಂದು ಜಾಗ ಬೇಕು. ಸುತ್ತಾ ಹುಡುಕಿದೆ, ಎಲ್ಲೂ ಇಲ್ಲ. ನಿಮ್ಮ ಮಕ್ಬರಾ, ಆ ಗೋರಿಗಳ ಜಾಗ, ಅದೊಂದೇ ಇರೋದು. ನೀವು ಒಪ್ಪಿದ್ರೆ ಅಲ್ಲಿ ಶಾಹೆದ್ ಮಾಡ್ತೀವಿ.”

ಶಾಹೆದ್ ಎಂದರೆ ಸಾಕ್ಷಿ. ಓದಿದವರು ಒಂದು ಹೊಲಕ್ಕೆ ಗೊಬ್ಬರ ಹಾಕಿ, ಪಕ್ಕದ್ದನ್ನು ಹೋಲಿಸಿ ನೋಡಲು ಹಾಗೇ ಬಿಟ್ಟರೆ, ಆ ಬಿಟ್ಟದ್ದನ್ನು ಶಾಹೆದ್ ಎನ್ನುತ್ತಾರೆ. ಲಗ್ದೀರದಲ್ಲಿ ಆ ಮಾತಿಗೆ ಒಂದೇ ಅರ್ಥ. ಗೋರಿಯ ತಲೆಯ ಕಡೆ ನಿಂತು, ಇಲ್ಲಿ ಇಂಥವರ ಮಗ ಇಂಥವನಿದ್ದಾನೆ ಎಂದು ಸಾಕ್ಷಿ ಹೇಳುವ ಕೆತ್ತಿದ ಕಲ್ಲು.

 ಊರೆಲ್ಲ ಅಪ್ಪ ಎಂಬ ಅರ್ಥದಲ್ಲಿ ಬಾ ಎಂದು ಕರೆಯುವ ಹಿರಿಯ, ಬಾ ಬಿಲಾಲ್, ಚಹಾದ ಲೋಟ ಕೆಳಗಿಟ್ಟ.

“ಶಾಹೆದ್ ಅಂದ್ರಾ ಸ್ವಾಮಿ? ನಮ್ಮ ಮಕ್ಬರಾದಲ್ಲಿ?”

“ಹೂಂ. ನಿಮ್ಮದರಲ್ಲೇ.”

“ಶರೀಫರು ಏನಾದ್ರೂ ಅಂದ್ರೆ?”

“ಸರ್ಕಾರದ ಒಪ್ಪಿಗೆ ಇದೆ. ಅವರು ಯಾಕೆ ಏನಾದ್ರೂ ಅಂತಾರೆ?”

“ಖರ್ಚು?”

“ನಿಮ್ಮದು ಏನೂ ಇಲ್ಲ.”

ಬಾ ಬಿಲಾಲ್ ಮುಂದಕ್ಕೆ ಬಾಗಿದ. “ಹೆಸರು ಹಾಕ್ತೀರಾ ಸ್ವಾಮಿ?”

“ಹಾಕದೆ ಇರ್ತೀವಾ? ಒಂದನ್ನೂ ಬಿಡಲ್ಲ. ಪ್ರತಿಯೊಂದಕ್ಕೂ ಹೆಸರು ಬರೆದ ತಗಡು. ಅರಬ್ಬಿಯಲ್ಲೂ ಇರುತ್ತೆ, ಲ್ಯಾಟಿನ್‌ನಲ್ಲೂ ಇರುತ್ತೆ.”

ಗೋಡೆಯ ಆಚೆ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಬ್ಬಳು, “ಎರಡು ಭಾಷೇಲಿ ಬರೀತಾರಂತೆ ಕಣೇ! ಶರೀಫರಿಗೂ ಒಂದೇ ಭಾಷೆ!” ಎಂದಳು. ರಬ್ಹಾಳಿಗೆ ತನ್ನ ಮಗಳು ಜೈದಾ ನೆನಪಾದಳು. ಚೇಳು ಕಡಿದು, ಪಟ್ಟಣದ ಆಸ್ಪತ್ರೆಗೆ ಹೊರಟ ಲಾರಿಯಲ್ಲೇ ಹೋದ ಮಗು. ಮಾತು ಆಗತಾನೇ ಪೂರ್ತಿ ಬಂದಿತ್ತು. ಅದರ ಹೆಸರು ಎಲ್ಲೂ ಬರೆದಿಲ್ಲ. ಹುಟ್ಟಿದಾಗಲೂ ಇಲ್ಲ, ಸತ್ತಾಗಲೂ ಇಲ್ಲ.

ಬಾ ಬಿಲಾಲ್ ಅಂಗೈ ಎರಡೂ ಮೇಲೆತ್ತಿದ. ಎಲ್ಲರೂ ಎತ್ತಿದರು. ಫಾತಿಹಾ ಪ್ರಾರ್ಥನೆ ಓದಿ ಕೈಯನ್ನು ಮುಖಕ್ಕೆ ಸವರಿಕೊಂಡರು. ಈ ಕಡೆ ಮಾತು ಗಟ್ಟಿಯಾಗುವುದು ಹಾಗೆ. ಅದನ್ನು ಮುರಿದವನ ಮನೆಯಲ್ಲಿ ಯಾರೂ ರೊಟ್ಟಿ ಮುರಿಯುವುದಿಲ್ಲ. ಇಷ್ಟು ಬೇಗ ಒಪ್ಪಿದ ಊರನ್ನು ಸಿ ನೌಫಲ್ ಕಂಡಿರಲಿಲ್ಲ. ಇವರಿಗೆ ಪ್ರಕೃತಿಯ ಮೇಲೆ ಎಂಥ ಪ್ರೀತಿ ಎಂದು ಅವನಿಗೂ ಕಣ್ಣು ಹನಿಗೂಡಿತು. ಎರಡು ಕಡೆಯವರೂ ಅತ್ತರು. ಬೇರೆ ಬೇರೆ ಕಾರಣಕ್ಕೆ.

ಕಲ್ಲು ತೆಗೆಯುವ ಕೆಲಸ ಹೆಂಗಸರಿಗೆ ಬಂತು. ಕಬ್ಬಿಣದ ಚೌಕಟ್ಟುಗಳನ್ನು ನೆಲದ ಮೇಲೆ ಹಾಸಿ ಅದರೊಳಗಿನ ಗಿಡ ಎಣಿಸಬೇಕಂತೆ. ಸಡಿಲ ಕಲ್ಲಿದ್ದರೆ ಚೌಕಟ್ಟು ಕೂರುವುದಿಲ್ಲವಂತೆ. ಹಳೇ ಕಲ್ಲು ತೆಗೆಯದೆ ಹೊಸದನ್ನು ನಿಲ್ಲಿಸುವುದು ಹೇಗೆ ಎಂದುಕೊಂಡು ಹೆಂಗಸರು ತಲೆಯಾಡಿಸಿದರು. ರಬ್ಹಾ ಖರ್ಜೂರದ ಗರಿಯ ಬುಟ್ಟಿ ಹೊತ್ತಳು. ಕಲ್ಲು ಕೀಳುವುದು, ತುಂಬುವುದು, ಬಾಗುವುದು, ಬುಟ್ಟಿ ನೆತ್ತಿಗೇರಿಸುವುದು, ಹೊಸದಾಗಿ ನೆಟ್ಟ ಬೇಲಿಯ ಕಂಬಗಳಾಚೆ ಸುರಿಯುವುದು. ಬಿಸಿಲಿಗೆ ಕಾದ ಕಲ್ಲು ಅಂಗೈ ಸುಟ್ಟಿತು. ಕತ್ತು ಹಿಡಿದುಕೊಂಡಿತು. ಉಗುರು ಕಿತ್ತುಬಂತು. ಯಾರೂ ಗೊಣಗಲಿಲ್ಲ. ಗೊಣಗದೆ ದುಡಿದದ್ದು ಅವರ ಬದುಕಿನಲ್ಲಿ ಅದೊಂದೇ ಸಲ.

ಜೈದಾಳ ತಲೆಯ ಕಲ್ಲನ್ನು ಅವಳು ಕೊನೆಗೆ ಕಿತ್ತಳು. ಸಣ್ಣದು. ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಸೊಂಟದ ಮೇಲೆ ಎತ್ತಿಕೊಂಡು ಹೋಗಿ ರಾಶಿಯ ಪಕ್ಕ ಬೇರೆಯಾಗಿಟ್ಟಳು. ಮಾರನೆಯ ದಿನ ಟ್ರ್ಯಾಕ್ಟರು ಬಂದು ರಾಶಿಯನ್ನೂ ಪಕ್ಕದ್ದನ್ನೂ ಒಟ್ಟಿಗೆ ಬಾಚಿಕೊಂಡು ಹೋಯಿತು. ಗಾಳಿ ಬಿಸಿಲು ಅಳೆಯುವ ಎತ್ತರದ ಕಂಬವೊಂದನ್ನು ನಿಲ್ಲಿಸಬೇಕಿತ್ತು. ಕಲ್ಲೆಲ್ಲ ಅದರ ಬುಡಕ್ಕೆ ಹೋಯಿತು. ಮೇಲೆ ಸಿಮೆಂಟು ಬಿತ್ತು.

ತಗಡು ಬಂದವು. ಸಣ್ಣ ಸಣ್ಣ ಕಬ್ಬಿಣದ ಗೂಟಕ್ಕೆ ಹೊಡೆದ, ಅಂಗೈ ಅಗಲದ ತಗಡುಗಳು. ಲಗ್ದೀರ ಸ್ವಲ್ಪ ಪೆಚ್ಚಾಯಿತು. ಇಷ್ಟು ಚಿಕ್ಕದಾ? ಇರಲಿ, ಹೆಸರಿದೆಯಲ್ಲ. ರಬ್ಹಾ ತಲೆಬಟ್ಟೆ ಸರಿಮಾಡಿಕೊಂಡು, ಜೈದಾ ಇದ್ದಳೆಂದು ತಾನು ಅಂದುಕೊಂಡ ಜಾಗದ ಹತ್ತಿರದ ತಗಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಓದು ಬಾರದು. ಅಕ್ಷರದ ಮೇಲೆ ಬೆರಳಾಡಿಸಿದಳು. ಅತ್ತ ಬಗ್ಗಿ ಏನೋ ಅಳೆಯುತ್ತಿದ್ದ ಸಿ ನೌಫಲನನ್ನು ಕರೆದಳು.

“ಸ್ವಾಮಿ, ಇದನ್ನ ಓದಿ ಹೇಳಿ. ಕೇಳ್ಬೇಕು ಅಂತ ಆಸೆ.”

ಅವನು ಖುಷಿಯಿಂದ ಬಂದ. “ಹಮ್ಮಾದಾ ಸ್ಕೋಪೇರಿಯಾ.”

“ಯಾರದು?”

“ಯಾರದು ಅಂದ್ರೆ? ನೀವು ರೆಮ್ತ್ ಅಂತೀರಲ್ಲ, ಒಲೆಗೆ ಹಾಕೋ ಗಿಡ. ಅದರ ಹೆಸರು.”

“ಗಿಡದ ಹೆಸರಾ?”

“ಹೂಂ.”

“ಆ ಕಡೇದು?”

“ಅದೂ ಗಿಡಾನೇ. ಇಲ್ಲಿ ಇನ್ನೇನಿದೆ?”

ಇಲ್ಲಿ ಇನ್ನೇನಿದೆ ಎಂದು ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ರಬ್ಹಾಳಿಗೆ ಅದೇ ಹೆಚ್ಚು ಉರಿಯಿತು. ಕೆಟ್ಟ ಮನಸ್ಸಿನವನಾಗಿದ್ದರೆ ಉಗಿಯಬಹುದಿತ್ತು.

ಆ ಸಂಜೆ ಜಗಲಿಯಲ್ಲಿ ಕೂಗಾಟವಾಯಿತು. ಸಿ ನೌಫಲನಿಗೆ ನಿಜಕ್ಕೂ ದಿಗಿಲಾಯಿತು. “ತಪ್ಪು ತಿಳುವಳಿಕೆ ಆಗಿದೆ, ಬಾ ಬಿಲಾಲ್,” ಎಂದ. ತಪ್ಪು ಯಾರದು ಎನ್ನಲಿಲ್ಲ. ಕಲ್ಲು ವಾಪಸು ಕೊಡಿ ಎಂದರು. ಸಿಮೆಂಟು ಒಡೆದರೆ ಕಂಬ ಬೀಳುತ್ತದೆ ಎಂದ. ಕೊಟ್ಟರೂ ಯಾವ ಕಲ್ಲು ಯಾರದೆಂದು ಈಗ ಹೇಳುವವರ್ಯಾರು? ಅದೂ ನಿಜವೇ.

“ಶರೀಫರ ಮಕ್ಬರಾಕ್ಕೂ ಮೇಕೆ ಹೋಗಲ್ಲ ಸ್ವಾಮಿ,” ರಬ್ಹಾ ಗೋಡೆಯ ಆಚೆಯಿಂದಲೇ ಕೂಗಿದಳು. “ಅಲ್ಲಿ ಮಾಡಿ ನಿಮ್ಮ ಶಾಹೆದ್ನ.”

“ಅಲ್ಲಿ ಸಿಮೆಂಟು ಜಾಸ್ತಿ ತಾಯಿ. ಗಿಡ ಬೆಳೆದಿಲ್ಲ.”

“ಅಂದ್ರೆ ನಮಗೆ ಕಲ್ಲು ಕೊಡದೆ ಇದ್ದದ್ದಕ್ಕೇ ನಮ್ಮ ಜಾಗ ಹಾಳಾಗದೆ ಉಳೀತು ಅನ್ನಿ.”

ಸಿ ನೌಫಲ್ ಗೋಡೆಯ ಕಡೆ ತಿರುಗಿದ. “ಒಂದು ರೀತಿಯಲ್ಲಿ... ಹೌದು,” ಎಂದ. ಪ್ರಾಮಾಣಿಕ ಮನುಷ್ಯ.

ಬಾ ಬಿಲಾಲ್ ಕೈ ಚೆಲ್ಲಿದ. “ಫಾತಿಹಾ ಓದಿಬಿಟ್ಟಿದ್ದೀವಲ್ಲ,” ಎಂದು ಮಾತ್ರ ಹೇಳಿದ. ತಪ್ಪು ಕೇಳಿಸಿಕೊಂಡು ಓದಿದ ಫಾತಿಹಾವೂ ಫಾತಿಹಾವೇ.

ಬೇಲಿ ಮುಗಿಯಿತು. ಬಾಗಿಲಿಗೆ ಬೀಗ ಬಿತ್ತು. ಒಳಗೆ ಕಾಲಿಟ್ಟರೆ ಮಣ್ಣು ಕೆಡುತ್ತದೆ, ಹಬ್ಬಕ್ಕೆ ಮಾತ್ರ ಬನ್ನಿ, ದಾರಿ ಬಿಟ್ಟು ಇಳಿಯಬೇಡಿ ಎಂದರು. ಹೊಸದಾಗಿ ಹೂಳುವುದಂತೂ ಕೂಡದು. ಅಧ್ಯಯನ ಮುಗಿಯುವವರೆಗೆ. ಅದು ಯಾವಾಗ ಮುಗಿಯುತ್ತದೆ? ಬರ ಮುಗಿದ ಮೇಲೂ ಸ್ವಲ್ಪ ಕಾಲ ನೋಡಬೇಕಾಗುತ್ತದೆ. ಅದಕ್ಕೊಬ್ಬ ಕಾವಲುಗಾರ ಬೇಕಾಯಿತು. ಬೇರೆ ಕೆಲಸ ಯಾವುದೂ ಇರಲಿಲ್ಲ. ತೋಟಗಳು ಒಣಗಿದ್ದವು, ಊರ ಹುಡುಗರು ದೂರದ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗಿದ್ದರು. ರಬ್ಹಾಳ ತಮ್ಮ ಫರಜಿ ಒಪ್ಪಿಕೊಂಡ. ಬೀಗದ ಕೈ ಅವನ ಸೊಂಟಕ್ಕೆ ಬಂತು.

“ನಮ್ಮ ಸತ್ತೋರಿಗೆ ಜೈಲರು ಆಗಿಬಿಟ್ಯಲ್ಲೋ!” ಎಂದಳು ರಬ್ಹಾ.

“ಹೊರಗಿನವನನ್ನ ತರ್ತಾರೆ ಕಣಕ್ಕ ನಾನು ಆಗದೆ ಇದ್ರೆ. ಆವಾಗ ಏನು ಮಾಡ್ತಿದ್ದೆ?”

 ಎಲ್ಲರ ಹತ್ತಿರವೂ ಸರಿಯಾದ ಕಾರಣವಿತ್ತು. ಅದೇ ಅವಳಿಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿದ್ದದ್ದು.

ಅವಳು ಸುಮ್ಮನೆ ಕೂರಲಿಲ್ಲ. ಅಧಿಕಾರಿಯ ಕಚೇರಿಗೆ ಹೋದಳು. ಇದು ನೀರಿನ ಇಲಾಖೆಗೆ ಸೇರಿದ್ದು ಎಂದರು. ಅಲ್ಲಿಗೆ ಹೋದಳು. ಕಾಡಿನ ಇಲಾಖೆಗೆ ಸೇರಿದ್ದು ಎಂದರು. ಕಾಡಿನವರು, ಇಲ್ಲಿ ಕಾಡೇ ಇಲ್ಲವಲ್ಲ ತಾಯಿ ಎಂದು ನಕ್ಕರು. ಮಸೀದಿಯಲ್ಲಿ ಧರ್ಮ ಹೇಳುವ ಫಕೀಹರನ್ನು ಕೇಳಿದಳು. ಸತ್ತವರಿಗೆ ಕಲ್ಲು ಮುಖ್ಯವಲ್ಲ, ಪ್ರಾರ್ಥನೆ ಮುಖ್ಯ ಎಂದರು. ಹಾಗಾದರೆ ಶರೀಫರಿಗೆ ಅದು ಯಾಕೆ ಬೇಕಾಯಿತು ಎಂದು ಕೇಳಿದ್ದಕ್ಕೆ, ಹೆಂಗಸರಿಗೆ ನಾಲಿಗೆ ಇಷ್ಟುದ್ದ ಇರಬಾರದು ಎಂದರು. ಧೂಳು ಕುಡಿದು ವಾಪಸು ಬರುವಾಗಲೆಲ್ಲ ಬೇಲಿಯ ಆಚೆ ಸಿ ನೌಫಲನ ಕೈಕೆಳಗೆ ಗಿಡ ಎಣಿಸುವ ಹುಡುಗಿಯರು ಕಾಣುತ್ತಿದ್ದರು. ಪಟ್ಟಣದ ಹುಡುಗಿಯರು, ಅಗಲ ಟೋಪಿ, ಕೈಗೆ ಚೀಲ. ಬರಕ್ಕೆ ಒಂದು ಗಿಡ ಸತ್ತರೆ ಅದರ ಬುಡದಲ್ಲಿ ಕೆಂಪು ಕಡ್ಡಿ ನೆಡುತ್ತಿದ್ದರು. ಯಾವ ಗಿಡ ಎಲ್ಲಿ ಸತ್ತಿತೆಂದು ಮರೆಯಬಾರದಲ್ಲ.

ಆ ಕೆಂಪು ಕಡ್ಡಿಗಳನ್ನು ನೋಡುತ್ತ ರಬ್ಹಾ ಮೊದಮೊದಲು ನಗುತ್ತಿದ್ದಳು. ಆಮೇಲೆ ಅದೂ ನಿಂತಿತು.

ಅವಳ ಅವ್ವ ಯಾಕೂತ ಮಾತ್ರ ಕೊನೆಯವರೆಗೂ ನಕ್ಕಳು. ಕಣ್ಣು ಕಾಣದು, ಹಲ್ಲಿಲ್ಲ, ಗೋಡೆಗೊರಗಿ ಕೂತೇ ಇರುತ್ತಿದ್ದಳು.

“ಎರಡು ಭಾಷೇಲಿ ಬರೀತಾರೆ ಅಂದ್ರಲ್ಲೇ,” ಎನ್ನುವಳು. “ನಾನು ಹೋದ ಮೇಲೆ ನನಗೂ ಬರೆಸು. ರೆಮ್ತ್ ಗಿಡ ಅಂತ. ಉರಿದಿದ್ದೂ ಹಾಗೇ ತಾನೇ.”

“ಸುಮ್ನಿರವ್ವ.”

“ಕಲ್ಲು ಬೇಡ ಕಣೇ. ಜಾಗ ಬೇಕು. ಜೈದಾ ಪಕ್ಕ ಹಾಕು ನನ್ನ. ಒಂದೇ ಮಲಗಿದೆ ಕೂಸು ಅಷ್ಟು ದಿನದಿಂದ. ಮಾತು ಕೊಡು.”

ರಬ್ಹಾ ಕೊಟ್ಟಳು. ಪಕ್ಕ ಅಂದರೆ ಎಲ್ಲಿ ಎಂದು ತನಗೇ ಗೊತ್ತಿಲ್ಲದೆ ಕೊಟ್ಟಳು.

ಯಾಕೂತ ಹೋದದ್ದು ಬೆಳಗಿನ ಹೊತ್ತು, ಚಹಾಕ್ಕೆ ಕಾಯುತ್ತ. ಬೀಗ ಬಿದ್ದ ಮೇಲೆ ಊರಿನಲ್ಲಿ ಅದೇ ಮೊದಲ ಸಾವು. ಹೆಂಗಸರು ಮೀಯಿಸಿದರು, ಬಿಳಿ ಬಟ್ಟೆ ಸುತ್ತಿದರು. ನೀರು ಸಾಲದೆ ಮೂರು ಮನೆಯಿಂದ ತಂದರು. ಗಂಡಸರು ಹೆಗಲು ಕೊಟ್ಟು ಹೊರಟರು. ಹೆಣದ ಜೊತೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ರಬ್ಹಾ ಮನೆಯಲ್ಲಿ ಕೂತಳು. ಹೊತ್ತು ನೆತ್ತಿಗೇರಿತು. ಯಾರೂ ಹಿಂದಿರುಗಲಿಲ್ಲ.

ಎದ್ದು ಹೋಗಿ ನೋಡಿದರೆ ಗಂಡಸರು ಬೇಲಿಯ ಹೊರಗೆ ನಿಂತಿದ್ದಾರೆ. ಹೆಣ ನೆಲದ ಮೇಲಿದೆ, ಕಂಬದ ಕಡ್ಡಿಯಷ್ಟು ನೆರಳಲ್ಲಿ. ಫರಜಿ ಬಾಗಿಲಿಗೆ ಬೆನ್ನು ಕೊಟ್ಟು ಫೋನು ಕಿವಿಗೆ ಹಿಡಿದಿದ್ದಾನೆ. ಸತ್ತವಳು ಅವನಿಗೂ ಅವ್ವ. ಅವನ ಮುಖವೆಲ್ಲ ಒದ್ದೆ.

ಫೋನಿನಲ್ಲಿ ಸಿ ನೌಫಲನ ದನಿ ಎಲ್ಲರಿಗೂ ಕೇಳುತ್ತಿತ್ತು. “ಈ ದುಃಖಕ್ಕೆ ಅಲ್ಲಾಹ್ ನಿನಗೆ ದೊಡ್ಡ ಪ್ರತಿಫಲ ಕೊಡಲಿ, ಫರಜಿ. ಬಹಳ ಸಂಕಟ ಆಯ್ತು ನನಗೆ. ಆದ್ರೆ ಬೀಗ ತೆಗೀಬೇಡಪ್ಪ. ಒಂದು ಗುಂಡಿ ಬಿದ್ರೆ ತೇವದ ಲೆಕ್ಕ ಪೂರ್ತಿ ತಲೆಕೆಳಗಾಗುತ್ತೆ. ಇಷ್ಟು ದಿನದ್ದೆಲ್ಲ ನೀರುಪಾಲು. ಪಟ್ಟಣದ ಮಕ್ಬರಾಕ್ಕೆ ಹೇಳಿದ್ದೀನಿ. ಗಾಡಿ ಕಳಿಸ್ತೀನಿ. ಸ್ವಲ್ಪ ತಡೀರಿ.”

“ಸ್ವಲ್ಪ ತಡೀರಿ ಅಂತ ಬೆಳಗ್ಗೆಯಿಂದ ಹೇಳ್ತಾ ಇದಾರೆ,” ಎಂದ ಬಾ ಬಿಲಾಲ್. ಯಾರಿಗೆಂದಿಲ್ಲದೆ ಹೇಳಿದ.

ರಬ್ಹಾ ಬಗ್ಗಿ ಹೆಣದ ಮೇಲಿನ ನೊಣ ಅಟ್ಟಿದಳು. ಬಟ್ಟೆ ಬಿಸಿಯಾಗಿತ್ತು. ಸುಡುತ್ತಿತ್ತು ಎಂದೇ ಹೇಳಬೇಕು. ಗಂಡಸರು ತಂದ ಪಿಕಾಸಿ ಅಲ್ಲೇ ಬಿದ್ದಿತ್ತು. ಎತ್ತಿಕೊಂಡಳು.

“ಹೆಂಗಸು ಮಕ್ಬರಾದಲ್ಲಿ ಅಗೀಬಾರದು ಕಣೇ ರಬ್ಹಾ,” ಎಂದ ಹಿಂದಿನಿಂದ ಯಾರೋ.

“ಕಲ್ಲು ಕೀಳುವಾಗ ನಾನು ಹೆಂಗಸಾಗಿರ್ಲಿಲ್ವಾ?”

ಫರಜಿ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡ. ಕೈ ಸೊಂಟದ ಬೀಗದ ಕೈಯ ಮೇಲೆ. “ಅಕ್ಕ, ಕೆಲಸ ಹೋಗುತ್ತೆ ಕಣಕ್ಕ. ಮಕ್ಕಳು...”

“ಕೊಡ್ಬೇಡ. ಇಟ್ಕೊ. ಬಾಗಿಲು ಕಾಯಿ ನೀನು.”

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಹೋದಳು. ತಂತಿ ಬಿಗಿದ ಮೊದಲ ಕಂಬಕ್ಕೆ ಪಿಕಾಸಿ ಬೀಸಿದಳು. ಇನ್ನೊಮ್ಮೆ. ಮತ್ತೊಮ್ಮೆ. ಮೊಳೆ ಕಿತ್ತು ತಂತಿ ಝೇಂಕರಿಸಿ ಸಡಿಲವಾಯಿತು. ಅದರ ಮೇಲೆ ಕಾಲಿಟ್ಟು ತುಳಿದು ದಾಟಿದಳು. ಹಿಂದೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾ ಬಿಲಾಲ್ ಜಲ್ಲಾಬ ನಿಲುವಂಗಿ ಮೊಣಕಾಲಿಗೆತ್ತಿಕೊಂಡು ಮುದಿ ಕಾಲಲ್ಲಿ ತಂತಿ ದಾಟಿದ. ಆಮೇಲೆ ಎಲ್ಲರೂ, ಹೆಣ ಹೊತ್ತುಕೊಂಡು. ಕೊನೆಗೆ ಬೀಗ ಹಾಕಿದ ಬಾಗಿಲನ್ನು ಕಾಯುತ್ತ ಫರಜಿ ಒಬ್ಬನೇ ಉಳಿದ. ತಾನು ಎಷ್ಟು ಹಾಸ್ಯಾಸ್ಪದವಾಗಿ ಕಾಣುತ್ತಿದ್ದೇನೆಂದು ಅವನಿಗೂ ಹೊಳೆದಿರಬೇಕು. ಫೋನು ಜೇಬಿಗೆ ಹಾಕಿ ಬಂದ.

ಒಳಗೆ ಬಂದು ನಿಂತ ಮೇಲೆ ಗೊತ್ತಾಯಿತು, ಅಗೆಯುವುದು ಎಲ್ಲಿ? ನೆಲ ಸಪಾಟಾಗಿದೆ. ಒಂದು ಕಲ್ಲಿಲ್ಲ. ಎಲ್ಲಿ ಯಾರು ಮಲಗಿದ್ದಾರೋ ದೇವರಿಗೇ ಗೊತ್ತು.

ರಬ್ಹಾ ಜೈದಾಳ ಜಾಗವೆಂದು ಅಂದಾಜು ಮಾಡಿದಳು. ಅಲ್ಲಿಂದ ಒಂದು ಮಾರು ಪಕ್ಕಕ್ಕೆ ಪಿಕಾಸಿ ಹಾಕಿದಳು. ಮೇಲ್ಮಣ್ಣು ಕಲ್ಲಿನಂತಿತ್ತು, ಕೆಳಗೆ ಪುಡಿ. ಪುಡಿ ಬಂದ ಮೇಲೆ ಪಿಕಾಸಿ ಬಿಟ್ಟು ಕೈಯಲ್ಲಿ ತೋಡಿದಳು. ಹೆದರಿಕೊಂಡು ತೋಡಿದಳು. ಮೊಣಕೈ ಮುಳುಗುವಷ್ಟರಲ್ಲಿ ಬೆರಳಿಗೆ ಬಟ್ಟೆ ಸಿಕ್ಕಿತು, ಒಣ ಎಲೆಯಂತೆ ಮುರಿಯುವ ಬಟ್ಟೆ. ಕೈ ಹಿಂದಕ್ಕೆ ಎಳೆದುಕೊಂಡಳು.

“ಕ್ಷಮಿಸು,” ಎಂದಳು. “ಯಾರಪ್ಪಾ ನೀನು, ಯಾರವ್ವಾ, ಕ್ಷಮಿಸು.” ಮಣ್ಣು ಮುಚ್ಚಿದರು. ಬಾ ಬಿಲಾಲ್ ಏನೋ ಓದಿದ.

ಎರಡನೇ ಜಾಗದಲ್ಲಿ ಮೂಳೆ. ಫರಜಿಯ ಕೈಗೆ ಸಿಕ್ಕಿತು. ಅವನು ಅದನ್ನು ಹಾಗೇ ಮೆಲ್ಲಗೆ ಇಟ್ಟು, ಮುಚ್ಚಿ, ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡ. “ಇವರು ಇಲ್ಲೇ ಇದಾರೆ ಅಂತ ಗೊತ್ತಿದ್ದೂ ಸಪಾಟು ಮಾಡಿದ್ವಲ್ಲಕ್ಕ.”

“ಮಾಡಿದ್ವು. ತೋಡು.”

ಮೂರನೆಯ ಜಾಗದಲ್ಲಿ ಯಾರೂ ಇರಲಿಲ್ಲ. ಅದು ಜೈದಾಳ ಪಕ್ಕವೋ ಅಲ್ಲವೋ ರಬ್ಹಾ ಎಂದಿಗೂ ತಿಳಿಯಲಾರಳು. ತಿಳಿಯಲಾರೆನೆಂಬುದು ಅವಳ ಎದೆಯಲ್ಲಿ ಕುದಿಯಿತು, ಅಳು ಬರಲಿಲ್ಲ, ಕುದಿಯುತ್ತಲೇ ಇತ್ತು. ಸೊಂಟದವರೆಗೆ ಇಳಿದಳು. ಎದೆಯವರೆಗೆ ಇಳಿದಳು. ಬೆವರಿಗೆ ಮಣ್ಣು ಮೆತ್ತಿ ಅವಳಾವುದು ಗುಂಡಿಯಾವುದು ತಿಳಿಯದಂತಾಯಿತು.

ಆಗ ಜೀಪು ಬಂತು. ಸಿ ನೌಫಲ್ ಇಳಿದ. ಹಿಂದೆ ಒಬ್ಬ ಪೊಲೀಸಿನವನು. ಸಿ ನೌಫಲ್ ಬಿದ್ದ ಬೇಲಿ ನೋಡಿದ, ತುಳಿದ ಮಣ್ಣು ನೋಡಿದ, ತಲೆಯ ಮೇಲೆ ಕೈಯಿಟ್ಟುಕೊಂಡ.

“ಎಷ್ಟು ಕಡೆ ಅಗೆದ್ರಿ? ಎಲ್ಲೆಲ್ಲಿ? ಅದನ್ನಾದ್ರೂ ಹೇಳಿ, ಗುರುತು ಹಾಕ್ಕೋತೀನಿ. ಹಾಳಾಗದೆ ಇರೋ ಭಾಗವನ್ನಾದ್ರೂ ಉಳಿಸ್ಕೊಳ್ಳೋಣ.”

“ಈಗ ಗುರುತು ಬೇಕಾಯ್ತಾ ಸ್ವಾಮಿ?” ಎಂದಳು ರಬ್ಹಾ ಗುಂಡಿಯೊಳಗಿಂದ.

 ಪೊಲೀಸಿನವನು ಸುಣ್ಣದ ಬಣ್ಣದ ಬಟ್ಟೆ ಸುತ್ತಿದ ಹೆಣವನ್ನು ಕಂಡು ಟೋಪಿ ತೆಗೆದು ಕಂಕುಳಲ್ಲಿಟ್ಟ. ಒಳ್ಳೆಯ ಮನೆಯ ಹುಡುಗ. ಹಿಂದಿನಿಂದ ಬಂದ ರೂಢಿಯಂತೆ ಕೇಳಿದ.

“ಯಾರ ಮನೆಯವಳು?”

ದ್ರಾ ದಂಡೆಯಲ್ಲಿ ಕಪ್ಪು ಜನ ಹುಟ್ಟಿದರೂ ಸತ್ತರೂ ಕೇಳುವ ಪ್ರಶ್ನೆ ಅದು. ಯಾವ ಶರೀಫರ ಮನೆಗೆ ಸೇರಿದವಳು ಎಂದು ಅದರ ಅರ್ಥ. ಉತ್ತರ ಎಲ್ಲರಿಗೂ ಬಾಯಿಗೆ ಬಂದೇ ಇರುತ್ತದೆ, ಉಸಿರಾಡಿದಷ್ಟು ಸಲೀಸಾಗಿ. ಬಾ ಬಿಲಾಲ್ ಹೇಳಲು ಬಾಯಿ ತೆರೆದ.

“ಈ ಮನೆಯವಳು,” ಎಂದಳು ರಬ್ಹಾ. ಎರಡೂ ಅಂಗೈಯನ್ನು ಗುಂಡಿಯ ಅಂಚಿಗೆ ಊರಿದಳು. “ಯಾಕೂತ. ನಮ್ಮವ್ವ. ಈಗ ಅವಳನ್ನ ಇಳಿಸ್ಬೇಕು. ನೀವಿಬ್ಬರೂ ಕೈ ಕೊಡ್ತೀರೋ, ದಾರಿ ಬಿಡ್ತೀರೋ, ಬೇಗ ಹೇಳಿ.”